ನೀರುಗಂಟಿಯ ಕೆಲಸ

ಚಿ. ಸೌ. ಸುಮಾಳಿಗೆ ಸೋದರಮಾವ ಮಾಡುವ ಆಶೀರ್ವಾದಗಳು.

ಪುಟ್ಟಿ, ನಿನ್ನ ಕಾಗದ ಸೋಮವಾರ ಬಂತು. ಹೊಸ ಮನೆಯ ವಿಷಯ, ಅಳಿಯಂದಿರ ಕೆಲಸದ ವಿಷಯ ಎಲ್ಲ ಓದಿ ಸಂತೋಷವಾಯಿತು. ಆದರೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, "ನನ್ನ ಕಣ್ಣಿನದು ಮಗುವಿಗೂ ಬಂದರೆ ನಾನೇ ಕೊಟ್ಟ ಹಾಗಲ್ಲವೇ ಮಾವ" ಅಂತ. ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಸುಳ್ಳು ಸಮಾಧಾನ ಹೇಳಿದರೆ ನೀನು ನಂಬುವವಳಲ್ಲ. ನಿನ್ನ ಹಾಗೆ ಎರಡೂ ಕಣ್ಣಿನಲ್ಲಿ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗೆಡ್ಡೆ ಬಂದವರ ಮಗುವಿಗೆ ಆ ಜೀನಿನ ದೋಷ ಇಳಿಯುವ ಸಾಧ್ಯತೆ ನೂರಕ್ಕೆ 50. ಇಳಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಗೆಡ್ಡೆಯೂ ಬರುತ್ತದೆ. ಆದರೂ ಇಳಿಯುವುದು ಗೆಡ್ಡೆಯಲ್ಲ ಮಗಳೇ.

ನಮ್ಮೂರ ಕೆರೆಯ ನೀರುಗಂಟಿ ನೆನಪಿದ್ದಾನಾ? ಊರಿನವರು ಹೇಳುವ ತನಕ ತೂಬು ಎತ್ತುತ್ತಿರಲಿಲ್ಲ, ಗದ್ದೆ ನೆನೆದ ಮೇಲೆ ಮುಚ್ಚದೆ ಮನೆಗೆ ಹೋಗುತ್ತಿರಲಿಲ್ಲ. ಆರ್‌ಬಿ ಎನ್ನುವ ಪ್ರೋಟೀನ್ ಮಾಡುವುದು ಅದೇ ಕೆಲಸ. ಕೋಶ ಒಡೆದು ಎರಡಾಗಲು ಬೇಕಾದ ಜೀನ್‌ಗಳನ್ನು ಎಬ್ಬಿಸುವ ಇ2ಎಫ್ ಎಂಬ ಇನ್ನೊಂದು ಪ್ರೋಟೀನನ್ನು ಅದು ಹಿಡಿದಿಟ್ಟುಕೊಂಡಿರುತ್ತದೆ. ಹೊರಗಿನಿಂದ 'ಬೆಳೆ' ಎಂಬ ಸಂದೇಶ ಬಂದಾಗ ಒಳಗಿನ ಕಿಣ್ವಗಳು ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತವೆ, ಹಿಡಿತ ಸಡಿಲವಾಗುತ್ತದೆ, ಕೋಶ ತನ್ನ ಡಿಎನ್‌ಎ ನಕಲು ಮಾಡಲು ತೊಡಗುತ್ತದೆ. ಒಡೆದು ಮುಗಿದ ಮೇಲೆ ಫಾಸ್ಫೇಟ್ ಕಳಚಿ, ಮತ್ತೆ ತೂಬು ಬಂದ್. ಈ ಪ್ರೋಟೀನಿನ ಜೀನ್ 13ನೇ ಕ್ರೋಮೋಸೋಮಿನಲ್ಲಿದೆ. ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟರೂ ಇನ್ನೊಂದು ಕೆಲಸ ತೂಗಿಸುತ್ತದೆ. ಕಣ್ಣಿನ ಒಳಪರದೆಯಾದ ರೆಟಿನಾದ ಯಾವುದೋ ಒಂದು ಕೋಶದಲ್ಲಿ ಆ ಇನ್ನೊಂದೂ ಕೈಕೊಟ್ಟಾಗ ಗೆಡ್ಡೆ ಶುರುವಾಗುತ್ತದೆ. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಎಂಬ ಅಮೆರಿಕದ ವೈದ್ಯರು 48 ರೋಗಿಗಳ ದಾಖಲೆ ಹರಡಿಕೊಂಡು, ಎರಡು ಪೆಟ್ಟು ಬಿದ್ದರೇನೇ ಈ ಕಾಯಿಲೆ ಅಂತ ಲೆಕ್ಕ ಹಾಕಿದ್ದರು. ನೀನು ಕೊಟ್ಟರೂ ಕೊಡುವುದು ಒಂದು ಪೆಟ್ಟು. ಅದೂ ನಿನ್ನನ್ನು ಕೇಳಿ ಹೋಗುವುದಲ್ಲ.

ನಿನ್ನಮ್ಮ 1995ರ ಅಕ್ಟೋಬರಿನ ಗ್ರಹಣದ ದಿನ ಹೊರಗೆ ಬಟ್ಟೆ ಒಣಹಾಕಿದ್ದೆ ಅಂತ ಸಾಯುವ ತನಕ ಕೊರಗಿದಳು. ಅಕ್ಕನಿಗಾಗಲಿ ಭಾವನಿಗಾಗಲಿ ಆ ದೋಷ ಇರಲೇ ಇಲ್ಲ, ನಿನ್ನಲ್ಲೇ ಹೊಸದಾಗಿ ಆದದ್ದು. ಅವಳಿಗೆ ನಾನು ಅದನ್ನು ಕೂರಿಸಿಕೊಂಡು ಹೇಳಬಹುದಿತ್ತು. ಹೇಳಲಿಲ್ಲ. ಈಗ ನಿನ್ನ ಕಾಗದದಲ್ಲಿ ಅವಳದೇ ದನಿ ಕೇಳಿಸಿತು.

ಹೇಳದೆ ಇದ್ದುದಕ್ಕೂ ಕಾರಣವಿದೆ. ನಿನ್ನ ಮೊದಲ ಹುಟ್ಟುಹಬ್ಬದ ಫೋಟೊ ತೊಳೆಸಿ ತಂದವನು ನಾನು. ಹಸಿರು ರೇಷ್ಮೆ ಲಂಗ, ಬಾಯಿಯ ಸುತ್ತ ಕೇಸರಿಬಾತು. ಒಂದು ಕಣ್ಣಿನ ಪಾಪೆ ಕೆಂಪಗೆ, ಇನ್ನೊಂದರದು ಹಾಲಿನ ಹಾಗೆ ಬೆಳ್ಳಗೆ. "ಫ್ಲ್ಯಾಶ್ ಸರಿಯಾಗಿ ಬಿದ್ದಿಲ್ಲ" ಅಂದು ಆಲ್ಬಮ್ಮಿಗೆ ಸೇರಿಸಿಬಿಟ್ಟೆ. ಅದೇ ವಾರ ಪಿಯುಸಿ ಮಕ್ಕಳಿಗೆ ಕೋಶವಿಭಜನೆಯ ಚಿತ್ರ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದೆ. ಆಮೇಲೆ ನಾವು ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಆ ಕಣ್ಣು ಹೋದದ್ದು ಯಾರಿಂದ ಅಂತ ಕೇಳಿದರೆ ನಾನು ನನ್ನ ಹೆಸರನ್ನೇ ಹೇಳುತ್ತೇನೆ ಪುಟ್ಟಿ. ನೀನು ನಿನ್ನದನ್ನು ಹೇಳಬೇಡ.

ನಿನಗೆ ಬುದ್ಧಿ ಹೇಳುವ ಅರ್ಹತೆ ನನಗೆಷ್ಟಿದೆಯೋ. ಆದರೂ ಮೊದಲು ನಿನ್ನ ರಕ್ತ ಪರೀಕ್ಷೆಗೆ ಕೊಡು, ಜೀನಿನಲ್ಲಿ ಎಲ್ಲಿ ತಪ್ಪಿದೆ ಅಂತ ಗೊತ್ತಾದರೆ ಮಗುವಿನಲ್ಲಿ ಅದೇ ಜಾಗ ನೋಡಬಹುದು. ಇಲ್ಲ ಅಂತ ಬಂದರೆ ಆ ಮಗುವಿಗೆ ಮತ್ತೆ ಮತ್ತೆ ಕಣ್ಣಿನ ತಪಾಸಣೆಯ ಕಾಟವೇ ಇರುವುದಿಲ್ಲ. ಇದೆ ಅಂತ ಬಂದರೆ ಹುಟ್ಟಿದ ಕೆಲವೇ ದಿನಗಳಲ್ಲಿ ಪಾಪೆ ಹಿಗ್ಗಿಸಿ ನೋಡಬೇಕು, ಆಮೇಲೂ ಅವರು ಹೇಳಿದ ದಿನ ತಪ್ಪಿಸಬಾರದು. ಸಾಸಿವೆಯಷ್ಟಿರುವಾಗ ಸಿಕ್ಕರೆ ಲೇಸರಿನಲ್ಲಿ ಸುಟ್ಟೋ ಶೀತ ಚಿಕಿತ್ಸೆಯಲ್ಲಿ ಹೆಪ್ಪುಗಟ್ಟಿಸಿಯೋ ಕಣ್ಣು ಉಳಿಸುತ್ತಾರೆ. ಇದೆಲ್ಲ ನಿನ್ನ ಡಾಕ್ಟರು ಆಗಲೇ ಹೇಳಿರಬಹುದು, ಬೇಸರ ಮಾಡಿಕೊಳ್ಳಬೇಡ.

ಮರೆತಿದ್ದೆ, ಈ ದೋಷ ಇರುವವರಿಗೆ ಮುಂದೆ ಮೂಳೆಯಲ್ಲೂ ಗೆಡ್ಡೆ ಬರಬಹುದು, ಅದಕ್ಕೇ ಮೂಳೆ ನೋವು ಏನಾದರೂ ಬಂದರೆ ನೀನೂ ತಡಮಾಡದೆ ತೋರಿಸು. ಸ್ಕ್ಯಾನ್ ಮಾಡುವವರಿಗೆ ಹಳೆಯ ಕಾಯಿಲೆಯ ವಿಷಯ ಮುಂಚೆಯೇ ಹೇಳು.

ಹೆರಿಗೆಗೆ ವಾರ ಮುಂಚೆ ನಾನೂ ನಿನ್ನತ್ತೆಯೂ ಬರುತ್ತೇವೆ. ಆ ಫೋಟೊ ನನ್ನ ಬೀರುವಿನಲ್ಲೇ ಇದೆ. ಡಾಕ್ಟರಿಗೆ ಬೇಕಾದರೆ ತರುತ್ತೇನೆ.

ಇಂತಿ,
ನಿನ್ನ ಮಾವ