ಹಳೆಯ ಮಟ್ಟು ಉಳಿಯಲಿ, ಮುಖದ ಮಸಿ ಬೇಡ

ಮಾನ್ಯರೇ,

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಹಳೆಯ ಸಂಗೀತ ನಾಟಕಗಳ ತಾಲೀಮು ನಡೆಯುತ್ತದೆ. ಮರೆತೇ ಹೋಗುತ್ತಿದ್ದ ಮಟ್ಟುಗಳನ್ನು ಪೇಟಿ ಮಾಸ್ತರರು ಹುಡುಗರಿಗೆ ಕಲಿಸುತ್ತಿರುವುದು ದೊಡ್ಡ ಕೆಲಸ. ಆದರೆ ಮಟ್ಟಿನ ಬೆನ್ನಿಗೇ ಒಂದು ಕೆಟ್ಟ ರೂಢಿಯೂ ಬರುತ್ತಿದೆ. ಬೇಟೆಯಾಡುವ ಬೇಡ, ಆಫ್ರಿಕಾ ಮೂಲದ ಹಬಶಿ, ಹಾಸ್ಯದ ಆಳು ಇಂಥ ಪಾತ್ರವೆಂದ ಕೂಡಲೇ ಮುಖಕ್ಕೆ ಮಸಿ, ತುಟಿಯ ಸುತ್ತ ಸಫೇದಾ ಎಂಬ ಬಿಳಿ ಬಣ್ಣ.

ಅಮೆರಿಕದಲ್ಲಿ 1830ರ ಸುಮಾರಿಗೆ ಬಿಳಿಯ ನಟರು ಸುಟ್ಟ ಬಿರಡೆಯ ಪುಡಿಯನ್ನು ನೀರಲ್ಲಿ ಕಲಸಿ ಬಳಿದುಕೊಂಡು, ಕಪ್ಪು ಗುಲಾಮರನ್ನು ಅಣಕಿಸಿ ಹಾಡಿ ಕುಣಿದರು. 1860ರ ದಶಕದಲ್ಲಿ ಡೇವ್ ಕಾರ್ಸನ್ ಎಂಬಾತ ಆ ಆಟವನ್ನು ಮುಂಬಯಿಗೂ ತಂದ. ಬಂಗಾಳಿ ಬಾಬುವನ್ನು ಅಣಕಿಸಿ ಸಾಹೇಬರನ್ನು ನಗಿಸಿದ. ಕಲ್ಕತ್ತೆಯ ನಟ ಅರ್ಧೇಂದುಶೇಖರ ಮುಸ್ತಾಫಿ ಸಾಹೇಬರನ್ನೇ ಅಣಕಿಸುವ ತಮಾಷೆ ಕಟ್ಟಿ ಉತ್ತರ ಕೊಟ್ಟರು. ಕಪ್ಪು ಕಲಾವಿದರೇ ಕಟ್ಟಿದ 1903ರ 'ಇನ್ ದಹೋಮಿ' ನಾಟಕದಲ್ಲಿ ಕೂಡ ಬರ್ಟ್ ವಿಲಿಯಮ್ಸ್, ತಾವೇ ಕಪ್ಪು ವರ್ಣದವರಾಗಿದ್ದೂ, ಮಸಿ ಬಳಿದುಕೊಂಡೇ ರಂಗಕ್ಕೆ ಬಂದರು. ಇದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಹಳೆಯ ಹಾಡಿನಲ್ಲಿ ಹೀಯಾಳಿಸುವ ಪದ ತಿದ್ದಿದರೆ ಹಾಡು ಸಾಯುತ್ತದೆ ಎನ್ನುವವರು 1927ರ ಅಮೆರಿಕದ ಸಂಗೀತ ನಾಟಕ 'ಶೋ ಬೋಟ್' ನೋಡಲಿ. ಅದರ ಮೊದಲ ಹಾಡಿನಲ್ಲಿ ಕಪ್ಪು ಜನರ ಮೇಲಿದ್ದ ಬೈಗುಳವನ್ನು 1936ರ ಸಿನಿಮಾದಲ್ಲಿ, ಮತ್ತೆ 1946ರ ಮರುಪ್ರಯೋಗದಲ್ಲಿ ಬದಲಿಸಿದರು. ಕಪ್ಪು ಗಾಯಕ ಪಾಲ್ ರಾಬ್ಸನ್ ಅದೇ ನಾಟಕದ ಹಾಡಿನಲ್ಲಿ ಬದುಕಿಗೆ ಬೇಸತ್ತ ಸಾಲನ್ನು ಸಾಯುವತನಕ ಹೋರಾಡುವ ಸಾಲಾಗಿ ತಿದ್ದಿ ಹಾಡಿದರು. ಮಟ್ಟು ಕೆಡಲಿಲ್ಲ. ಆದರೂ 1993ರಲ್ಲಿ ಟೊರಾಂಟೊದಲ್ಲಿ ಆ ನಾಟಕ ಮತ್ತೆ ಬಂದಾಗ ಅಲ್ಲಿನ ಕಪ್ಪು ಜನ ಪ್ರತಿಭಟಿಸಿದರು. ಪದ ತಿದ್ದಿದ ಮಾತ್ರಕ್ಕೆ ಪಾತ್ರ ತಿದ್ದಿದಂತಾಗುವುದಿಲ್ಲ.

ನಮ್ಮ ಹಾಡುಗಳನ್ನು ತಿದ್ದುವಾಗ ಐದು ಮಾತ್ರೆಯ ಪದ ತೆಗೆದರೆ ಐದು ಮಾತ್ರೆಯದನ್ನೇ ಕೂರಿಸಬೇಕು. ದೀರ್ಘಾಕ್ಷರವಿದ್ದ ಕಡೆ ಹ್ರಸ್ವ ಬಂದರೆ ಹಾಡುವವರು ಅದನ್ನೇ ಎಳೆಯುತ್ತಾರೆ, ಪದ ಒಡೆದು ಅರ್ಥ ಕೆಡುತ್ತದೆ. ಎರಡನೆಯ ಅಕ್ಷರದ ಪ್ರಾಸವೂ ತಪ್ಪಬಾರದು. ಕೈಬರಹದ ಪ್ರತಿಯಲ್ಲಿ ಹಳೆಯ ಸಾಲನ್ನು ಹೊಡೆದು ಹಾಕದೆ, ಹೊಸದನ್ನು ಎದುರು ಪುಟದಲ್ಲಿ ತಾರೀಖಿನ ಸಮೇತ ಬರೆಯಿರಿ. ಏನಿತ್ತು, ಏನಾಯಿತು ಎಂಬುದು ಮುಂದಿನವರಿಗೆ ತಿಳಿಯಬೇಕು.

ಬಣ್ಣದ ಮಾತಿಗೆ ಬಂದರೆ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕಾಡಿಗೆ ನಮ್ಮ ಸೆಕೆಗೆ ಮೊದಲ ಅಂಕ ಮುಗಿಯುವುದರೊಳಗೆ ಬೆವರಿನ ಜೊತೆ ಕುತ್ತಿಗೆಗಿಳಿದು ಬಾಡಿಗೆ ಡ್ರೆಸ್ಸನ್ನೂ ಕೆಡಿಸುತ್ತದೆ. ಎಲ್‌ಇಡಿ ಬೆಳಕಿನಲ್ಲಿ ಮಸಿಮುಖ ಚಪ್ಪಟೆಯಾಗಿ, ಹುಬ್ಬು ಕೆನ್ನೆಗಳ ಆಟ ಹಿಂದಿನ ಸಾಲಿಗೆ ಕಾಣುವುದೇ ಇಲ್ಲ. ಕಾಣಲೆಂದು ತುಟಿಗೆ ಬಿಳಿ ಬಳಿದರೆ ಮುಖ ಹೋಗಿ ಬರೀ ಬಾಯಿ ಉಳಿಯುತ್ತದೆ. ನಟನ ಸ್ವಂತ ಮೈಬಣ್ಣಕ್ಕೆ ಹೊಂದುವ ಮೇಕಪ್ಪಿನ ಪ್ಯಾನ್‌ಕೇಕನ್ನು ಒದ್ದೆ ಸ್ಪಂಜಿನಿಂದ ತೆಳ್ಳಗೆ ಹಚ್ಚಿ, ಹುಬ್ಬು, ಕಣ್ಣಂಚಿಗಷ್ಟೇ ಕಾಡಿಗೆ ತೀಡಿದರೆ ಸಾಕು. ಬೇಡನನ್ನು ಬಿಲ್ಲು ಹಿಡಿದ ಕೈ, ಕಾಡು ಬಲ್ಲ ನಡಿಗೆ ತೋರಿಸಲಿ.

ಮಸಿಯಿಲ್ಲದೆ ಹಾಸ್ಯದ ದೃಶ್ಯವನ್ನು ಒಮ್ಮೆ ತಾಲೀಮು ಮಾಡಿ ನೋಡಿ. ಆಗಲೂ ನಗು ಬಂದರೆ ಅದು ಮಾತಿನ ಬಲ. ಬಾರದಿದ್ದರೆ ಜನ ಅಷ್ಟು ದಿನ ನಕ್ಕಿದ್ದು ಮೈಬಣ್ಣಕ್ಕೆ. ಆ ದೃಶ್ಯ ಕೈಬಿಡಿ. ಮುರುಕು ಕನ್ನಡಕ್ಕೂ ಅಂಟುಗಡ್ಡಕ್ಕೂ ಇದೇ ಪರೀಕ್ಷೆ. ಪಠಾಣ ರುಸ್ತುಮನ ಪಾತ್ರಕ್ಕೆ ಹೆಸರಾದ ಬಳ್ಳಾರಿ ರಾಘವರ ಊರಿದು. ಇಲ್ಲಿ ಪಠಾಣನೆಂದರೆ ಬರೀ ಗಡ್ಡವೆಂದು ಯಾರೂ ತಿಳಿಯಬಾರದು.

ಮೇಕಪ್ಪಿನವರು ಸಾಮಾನ್ಯವಾಗಿ ನಾಟಕದ ರಾತ್ರಿಯಷ್ಟೇ ಬಂದು, ಪಾತ್ರದ ಪಟ್ಟಿ ನೋಡಿ, ರೂಢಿಯಂತೆ ಬಳಿಯುತ್ತಾರೆ. ಅವರ ತಪ್ಪಲ್ಲ. ಪಟ್ಟಿ ಕೊಡುವಾಗಲೇ ಪಾತ್ರದ ಮುಂದೆ 'ಮಸಿ ಬೇಡ' ಎಂದು ಬರೆದುಕೊಡಿ.

— ಹವ್ಯಾಸಿ ರಂಗಾಸಕ್ತರು, ಬಳ್ಳಾರಿ