ಈ ತಿಂಗಳು ಏನು ಓದಿದಿರಿ?

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳು ಜಾಸ್ತಿಯಾಗಿ ಪುಸ್ತಕದ ಮಾತೇ ಕಡಿಮೆಯಾಗಿದೆ, ಅಲ್ವಾ? ಭಾನುವಾರ ಸಂಜೆಯೊಳಗೆ ಈಚೆಗೆ ಓದಿದ ಒಂದು ಪುಸ್ತಕದ ಬಗ್ಗೆ ನಾಲ್ಕು ಸಾಲು ಹಾಕಿ. ಸುಮ್ನೆ ಮುಖಪುಟದ ಫೋಟೊ ಹಾಕಿ ‘ಸೂಪರ್’ ಅಂದರೆ ಸಾಲದು. ಏನು ಹಿಡಿಸಿತು, ಎಲ್ಲಿ ಬೇಜಾರಾಯಿತು ಅಂತ ಹೇಳಿ. ಅರ್ಧಕ್ಕೆ ಬಿಟ್ಟಿದ್ದರೂ ಪರವಾಗಿಲ್ಲ.

ನಾನೇ ಶುರು ಮಾಡುತ್ತೇನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹಿಂದೆ ಎರಡು ಸಲ ಕೈಬಿಟ್ಟಿದ್ದೆ. ಅಷ್ಟೊಂದು ಜನ, ಅಷ್ಟೊಂದು ಮನೆ! ಈ ಸಲ ಸಿಂಬಾವಿಯವರು ಯಾರು, ಹಳೆಮನೆಯವರು ಯಾರು, ಕೋಣೂರಿನವರು ಯಾರು ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ನೂರು ಪುಟ ದಾಟಿದ ಮೇಲೆ ಚೀಟಿ ಬೇಕಾಗಲೇ ಇಲ್ಲ. ನನಗೆ ಮದುವೆ ಕತೆಗಿಂತ ಗುತ್ತಿ ಮತ್ತು ಅವನ ನಾಯಿ ಹುಲಿಯನೇ ಹೆಚ್ಚು ಹತ್ತಿರವಾದರು. ಅದು ಮುಗಿದ ಕೂಡಲೇ ತೇಜಸ್ವಿಯವರ ‘ಕರ್ವಾಲೊ’ ತೆಗೆದೆ. ಅಲ್ಲಿ ಕಿವಿ ಅನ್ನುವ ನಾಯಿ! ಅಪ್ಪನ ಪುಸ್ತಕದಲ್ಲೂ ನಾಯಿ, ಮಗನ ಪುಸ್ತಕದಲ್ಲೂ ನಾಯಿ. ‘ಕರ್ವಾಲೊ’ ಎರಡೇ ದಿನದಲ್ಲಿ ಮುಗಿಯಿತು. ಮಂದಣ್ಣನ ಪ್ರಸಂಗ ಓದುತ್ತಾ ಬಸ್ಸಿನಲ್ಲಿ ಒಬ್ಬಳೇ ನಕ್ಕು ಪಕ್ಕದವರಿಂದ ನೋಟ ಸಿಕ್ಕಿತು.

ಇನ್ನೆರಡು ಮಾತು. ಕೊನೆಯ ಗುಟ್ಟು ಬಿಟ್ಟುಕೊಡಬೇಡಿ. ಮಾರಾಟದಲ್ಲಿರುವ ಪುಸ್ತಕದ ಪಿಡಿಎಫ್ ಇಲ್ಲಿ ಹಾಕಲೇಬೇಡಿ. ಟೈಪ್ ಮಾಡಲು ಕಷ್ಟವಾದವರು ವಾಯ್ಸ್ ಮೆಸೇಜ್ ಕಳಿಸಿ, ಎರಡು ನಿಮಿಷ ಮೀರದಿರಲಿ. ‘ಮದುಮಗಳು’ ಯಾರಿಗಾದರೂ ಬೇಕಿದ್ದರೆ ನನ್ನ ಪ್ರತಿ ಕೊಡುತ್ತೇನೆ, ಚೀಟಿ ಸಮೇತ.