ಗೆಳೆಯನಿಗೊಂದು ಪತ್ರ: ಅಬ್ಬಿ ನಿಂತಿದೆ ಮಾರಾಯ

ಪ್ರೀತಿಯ ಗೆಳೆಯಾ,

"ನಿಮ್ಮ ಕಡೆ ಮಳೆ ಹೇಗಿದೆ?" ಅಂತ ನೀನು ಕೇಳಿ ಹನ್ನೊಂದು ದಿನ ಆಯ್ತು. ಎರಡು ಸಾಲಿನಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ. ಹಾಸ್ಟೆಲಿನ ನಮ್ಮ ಏಳನೇ ನಂಬರ್ ರೂಮಿನವರೂ ಓದಲಿ.

ಅಬ್ಬಿ ನಿಂತಿದೆ ಮಾರಾಯ.

ನಮ್ಮ ಬಚ್ಚಲ ಹಿಂದೆ ಪೈಪಿನಿಂದ ಹಗಲೂ ರಾತ್ರಿ ನೀರು ಬೀಳುತ್ತಿತ್ತಲ್ಲ, ಅದೇ. ಪಂಪ್ ಇಲ್ಲ, ನಲ್ಲಿ ಇಲ್ಲ, ಕರೆಂಟಿನ ಹಂಗಿಲ್ಲ. ಗುಡ್ಡದ ಒರತೆಯಿಂದ ತಾನಾಗಿ ಇಳಿದು ಬರುವ ನೀರು. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿದ ದಂಬೆಯಲ್ಲಿ ಬರುತ್ತಿತ್ತಂತೆ, ಅಪ್ಪ ಪೈಪ್ ಹಾಕಿಸಿದರು. ನೀನು ಮೊದಲ ಸಲ ಬಂದ ರಾತ್ರಿ ನಿದ್ದೆ ಬಾರದೆ ಎದ್ದು ಹೋಗಿ ಕತ್ತಲಲ್ಲಿ ನಲ್ಲಿ ಹುಡುಕಿದ್ದೆ. ನೀರು ಸುಮ್ನೆ ಹೋಗುತ್ತಿದೆ ಅಂತ ನಿನಗೆ ಸಂಕಟ. ನಾವೆಲ್ಲ ನಕ್ಕೆವು. ಕೊನೆಗೆ ನೀನು ಅದರ ಕೆಳಗೊಂದು ಕೊಡಪಾನ ಇಟ್ಟು ಬಂದು ಮಲಗಿದೆ.

ಮಾರ್ಚ್ ಎರಡನೇ ವಾರ ಆ ಧಾರೆ ಬೆರಳಿನಷ್ಟಾಯ್ತು, ಆಮೇಲೆ ದಾರದಷ್ಟು. ಯುಗಾದಿ ಹೊತ್ತಿಗೆ ಬರೀ ಹನಿ. ಈಗ ಪೈಪಿನ ಬಾಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಕಪ್ಪೆಯೊಂದು ಮುಖ ಹೊರಗೆ ಹಾಕಿ ಕೂತಿದೆ. ಒಳಗೆ ಇನ್ನೂ ತಂಪಿರಬೇಕು. ಅಮ್ಮ ಅದನ್ನು ಮುಟ್ಟೋಕೆ ಬಿಡುವುದಿಲ್ಲ.

ಅಶ್ವಿನಿ ಮಳೆ ಬರಲಿಲ್ಲ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ, ಆದರೆ ಎರಡು ದಿನ ಸಂಜೆ ಮೂಡಗಡೆ ಗುಡುಗಿ, ಮಣ್ಣಿನ ವಾಸನೆಯ ಗಾಳಿ ಬೀಸಿ, ನಾವು ಅಂಗಳದ ಅಡಿಕೆಯನ್ನೆಲ್ಲ ಗಡಿಬಿಡಿಯಲ್ಲಿ ಒಳಗೆ ಹಾಕಿದ ಮೇಲೆ ಮೋಡ ಹಳ್ಳದಾಚೆಯ ಊರಿಗೆ ಹೋಗಿ ಸುರಿಯಿತು. ಅವರ ರಸ್ತೆಯಲ್ಲಿ ಕೆಂಪು ನೀರು, ನಮ್ಮ ರಸ್ತೆಯಲ್ಲಿ ಧೂಳು. ಬೇಸಿಗೆ ಮಳೆ ಇರುವುದೇ ಹಾಗೆ. ಕಾದ ನೆಲದಿಂದ ಅಲ್ಲಲ್ಲೇ ಎದ್ದ ಮೋಡ, ಅಲ್ಲಲ್ಲೇ ಬೀಳುತ್ತದೆ. ಮುಂಗಾರಿನ ಹಾಗೆ ಸಮುದ್ರದಿಂದ ಸಾಲಾಗಿ ಬಂದು, ಘಟ್ಟಕ್ಕೆ ಬಡಿದು, ಮೇಲೇರಿ ತಣಿದು, ಎಲ್ಲರ ಮೇಲೂ ಸುರಿಯುವುದಿಲ್ಲ. ತೋಟದಲ್ಲಿ ಹರಳು, ಅಂದರೆ ಎಳೆ ಅಡಿಕೆ, ಉದುರುತ್ತಿದೆ. ಬೆಳಿಗ್ಗೆ ಕಾಲಿಟ್ಟರೆ ಚರಚರ ಅನ್ನುತ್ತದೆ.

ಮೊನ್ನೆ ರಾತ್ರಿ ಸೆಕೆಗೆ ನಿದ್ದೆ ಬಾರದೆ ಒಂದು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಅಲ್ಲಿಂದ ನೂರು ಕಿಲೋಮೀಟರ್ ಒಳಗೇ ಇರುವ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಘಟ್ಟ ದಾಟುವ ಹೊತ್ತಿಗೆ ಮೋಡದ ಚೀಲ ಹೆಚ್ಚುಕಡಿಮೆ ಖಾಲಿ. ನಿಮ್ಮ ಚಳ್ಳಕೆರೆ ತಲುಪುವಾಗ ಸುಮಾರು 450. ನೂರು ಚದರ ಮೀಟರಿನ ನಿನ್ನ ತಾರಸಿಗೆ ವರ್ಷಕ್ಕೆ ಸಿಗುವುದು 45,000 ಲೀಟರ್. ನೀನು ಅದನ್ನು ನೆಲದಡಿಯ ತೊಟ್ಟಿಗೆ ಇಳಿಸಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಮುಚ್ಚಳಕ್ಕೆ ಬೀಗ ಹಾಕಿ ಇಟ್ಟಿದ್ದೀಯ. ನಮ್ಮೂರಿನ ಮಳೆ 3,000 ಅಂತ ಇಟ್ಟುಕೊಂಡರೂ ಅಷ್ಟೇ ದೊಡ್ಡ ಹೆಂಚಿನ ಮಾಡಿಗೆ 3 ಲಕ್ಷ ಲೀಟರ್. ಅಷ್ಟೂ ಅಂಗಳಕ್ಕೆ ಬಿದ್ದು, ಹಳ್ಳಕ್ಕೆ ಹೋಗಿ, ತುಂಗೆ ಸೇರಿ, ತುಂಗೆ ಭದ್ರೆ ಕೂಡುವ ಕೂಡಲಿ ದಾಟಿ ಹೋಗುತ್ತದೆ. ಒಂದು ಹಂಡೆ ನೀರನ್ನೂ ನಾವು ಹಿಡಿದಿಟ್ಟವರಲ್ಲ.

2022ರಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿತ್ತು ಅಂತ ನೀನು ಬೈಕಿನಲ್ಲಿ ಹಿರಿಯೂರಿನ ಕಡೆ ಹೋಗಿ ವಿಡಿಯೊ ಕಳಿಸಿದ್ದೆ. 1933 ಆದ ಮೇಲೆ ಅದೇ ಮೊದಲು. ವಿಡಿಯೊದಲ್ಲಿ ನಿನ್ನ ದನಿ ನಡುಗುತ್ತಿತ್ತು. ನಾನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾದೆ. ಪ್ರತಿ ಜುಲೈಯಲ್ಲೂ ನಮ್ಮ ಹಳ್ಳ ಉಕ್ಕುತ್ತದೆ, ಇದರಲ್ಲೇನಿದೆ ಅನ್ನಿಸಿತ್ತು. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಇನ್ನೊಂದು ವಿಷಯ ನಿನಗೆ ಹೇಳಿಲ್ಲ. ಅಡಿಕೆಗೆ ರೇಟು ಬಂದ ವರ್ಷ "ತೋಟ ಸ್ವಲ್ಪ ಮೇಲಕ್ಕೆ ವಿಸ್ತರಿಸಿದೆ" ಅಂತ ಫೋನಿನಲ್ಲಿ ಹೇಳಿದ್ದೆ, ನೆನಪಿದೆಯಾ? ಆ ಜಾಗ ಮನೆ ಮೇಲಿನ ಜೌಗು ನೆಲ. ಮುಂಡುಗದ ಪೊದೆ, ನಾಲ್ಕೈದು ದೊಡ್ಡ ಮರ, ಕಾಲಿಟ್ಟರೆ ಮೇ ತಿಂಗಳಲ್ಲೂ ಹಿಮ್ಮಡಿ ಮುಳುಗುವಷ್ಟು ಕೆಸರು. ಅಪ್ಪ "ಅದು ನೀರಿನ ಬುಡ, ಮುಟ್ಟಬೇಡ" ಅಂದರು. ನಾನು ಕೇಳಲಿಲ್ಲ. ಜೆಸಿಬಿ ತರಿಸಿ, ಮರ ಕಡಿಸಿ, ನಡುವೆ ಆಳದ ಬಸಿಗಾಲುವೆ ಹೊಡೆಸಿದೆ. ನೆಲ ಒಣಗಿತು. ಮುನ್ನೂರು ಸಸಿ ನೆಟ್ಟೆ. ಚೆನ್ನಾಗಿ ಬಂದಿವೆ ಅಂತ ನಿನಗೆ ಫೋಟೊ ಕಳಿಸಿದ್ದೂ ನಾನೇ. ನಾಲ್ಕು ತಿಂಗಳ ಮಳೆಯನ್ನು ಕುಡಿದು ಎಂಟು ತಿಂಗಳು ಹನಿಹನಿಯಾಗಿ ಬಿಡುತ್ತಿದ್ದ ನೆಲ ಅದು. ಈಗ ಬಿದ್ದ ಮಳೆ ಅದೇ ವಾರ ಕಾಲುವೆ ಹಿಡಿದು ಕೆಳಗೆ ಹೋಗುತ್ತದೆ.

ನಮ್ಮ ಕೆಳಗಿನ ಮನೆ ಅಜ್ಜಿಗೂ ಅದೇ ಒರತೆಯ ನೀರು. ಈಗ ಅವರು ದಿನಾ ಬೆಳಿಗ್ಗೆ ನಮ್ಮ ಬೋರಿನಿಂದ ಎರಡು ಕೊಡ ತೆಗೆದುಕೊಂಡು ಹೋಗುತ್ತಾರೆ. "ಮಳೆನೇ ಇಲ್ಲ, ಯಾರೇನು ಮಾಡೋಕಾಗುತ್ತೆ ಮಗಾ" ಅನ್ನುತ್ತಾರೆ. ನಾನು "ಹೌದಮ್ಮ" ಅಂತೇನೆ. ಈ ತಿಂಗಳಲ್ಲಿ ಎಷ್ಟು ಸಲ ಹಾಗಂದೆನೋ. ಮಳೆ ಬಂದಿಲ್ಲ ಅನ್ನೋದು ನಿಜ. ಆದರೆ ಅಪ್ಪನ ಕಾಲದಲ್ಲೂ ಇಂಥ ಬೇಸಿಗೆ ಬಂದಿದ್ದವು, ಅಬ್ಬಿ ನಿಂತಿರಲಿಲ್ಲ. ಅಪ್ಪ ಒಂದು ಮಾತೂ ಆಡುವುದಿಲ್ಲ. ಅರ್ಧ ಬಕೆಟ್ ನೀರಲ್ಲಿ ಸ್ನಾನ ಮುಗಿಸಿ ಹೊರಗೆ ಬರುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ, ಬರೆದಾಯ್ತು, ಅಳಿಸುವುದಿಲ್ಲ.

ಅಪ್ಪೆಮಿಡಿ ಈ ಸಲ ಕಡಿಮೆ, ಆದರೂ ಅಮ್ಮ ನಿನ್ನ ಹೆಸರಲ್ಲಿ ಒಂದು ಭರಣಿ ಬೇರೆಯಾಗಿ ಕಟ್ಟಿಟ್ಟಿದ್ದಾರೆ. ಕೃತ್ತಿಕೆ ಮಳೆ ಹುಟ್ಟುವ ಮೊದಲು ಆ ಕಾಲುವೆಗೆ ಅಲ್ಲಲ್ಲಿ ಕಲ್ಲು ಮಣ್ಣು ಹಾಕಿ ತಡೆ ಕಟ್ಟಬೇಕು ಅಂತಿದ್ದೇನೆ. ಮೇಲಿನ ಎರಡು ಸಾಲು ಸಸಿ ಕೀಳಬೇಕಾಗುತ್ತದೆ, ಕೀಳುತ್ತೇನೆ. ಮಾಡಿನ ನೀರು ಹಿಡಿಯೋಕೆ ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಸೋಸೋಕೆ ಮರಳು, ಇದ್ದಿಲು ಹೇಗೆ ತುಂಬಬೇಕು, ಎಲ್ಲ ನೀನೇ ಬಂದು ತೋರಿಸಬೇಕು. ನಾಲ್ಕು ದಿನ ರಜೆ ಹಾಕಿ ಬಾ. ಬರುವಾಗ ಶೇಂಗಾ ಜಾಸ್ತಿ ತಾ, ಹೋದ ಸಲದ್ದು ದಾರಿಯಲ್ಲೇ ಖಾಲಿ ಮಾಡಿದ್ದೆ ನೀನು.

ಕಪ್ಪೆ ಇನ್ನೂ ಅಲ್ಲೇ ಇದೆ. ಈಗಷ್ಟೇ ಟಾರ್ಚ್ ಬಿಟ್ಟು ನೋಡಿ ಬಂದೆ.

ನಿನ್ನ,
ಏಳನೇ ನಂಬರಿನ ಕಿಟಕಿ ಪಕ್ಕದವನು